ಯಮನ ವಾರದ ಸಂತೆ

1999ನೆಯ ಇಸವಿಯ ಜೂನ್ ತಿಂಗಳು. ಮಿರಗದ ಮಳೆಗಾಗಿ ರೈತರು ಮುಗಿಲು ನೋಡುತ್ತಿದ್ದ ದಿನಗಳು. ಆಗ ನಾನು ಬಬಲೇಶ್ವರದಲ್ಲಿ ಮಾಸ್ತರನಾಗಿದ್ದೆ. ನನ್ನ ಬಾಡಿಗೆಯ ಮನೆಗೆ ಹೊಂದಿಕೊಂಡ ಮನೆಯಲ್ಲಿ ಓಣಿಯವರೆಲ್ಲ ‘ಆಯಿ’ ಎಂದು ಕರೆಯುತ್ತಿದ್ದ ಮುದುಕಿಯೊಬ್ಬಳಿದ್ದಳು. ಆಕೆಯ ಕಿರಿಯ ಮಗ ದಂಡಿನಲ್ಲಿದ್ದ. ಅವನ ಪಲ್ಟನ್ನು ಕಾರ್ಗಿಲ್ ಕಡೆಗೆ ಹೋಗಿದೆಯೆಂಬ ಸುದ್ದಿ ಮೇ ತಿಂಗಳ ಕೊನೆಗೆ ಬಂದಿತ್ತು. ಆಯಿಗೆ ಅಕ್ಷರ ಬಾರದು. ಪ್ರತಿದಿನ ಮುಂಜಾನೆ ಎಂಟು ಗಂಟೆಗೆ ವಿಜಾಪುರದ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬಂದೊಡನೆ ನಾನು ಒಂದು ಪ್ರತಿ ತಂದು ಅವಳ ಕಟ್ಟೆಯ ಮೇಲೆ ಕುಳಿತು ಯುದ್ಧದ ಸುದ್ದಿಯನ್ನಷ್ಟು ಓದಿ ಹೇಳಬೇಕು. ಓದಿದ್ದನ್ನು ಕೇಳಿ ಮುಗಿಸಿ ಆಕೆ ಒಳಗೆ ಹೋಗಿ, ಹಾಲಿನ ಲೆಕ್ಕದ ಗೆರೆಗಳಿದ್ದ ಗೋಡೆಯ ಮೇಲೆಯೇ, ಅವುಗಳಿಂದ ತುಸು ದೂರ, ಸುಣ್ಣದಲ್ಲಿ ಒಂದು ಗೆರೆ ಎಳೆಯುವಳು. ತಂತಿ ಬಾರದ ಒಂದು ದಿನ ಕಳೆಯಿತೆಂಬುದಕ್ಕೆ ಅದೇ ಗುರುತು.

ಒಂದು ದಿನ ಪತ್ರಿಕೆಯಲ್ಲಿ ಮೃತರ ಹೆಸರುಗಳು ಬಹಳವಿದ್ದವು. ನಾನು ಕೆಲವನ್ನು ನುಂಗಿಕೊಂಡು ಓದಿದೆ. ಮುದುಕಿಯರ ಕಿವಿ ಮಂದವೆಂದು ನಾವು ತಿಳಿಯುವುದು ನಮ್ಮ ಮೂರ್ಖತನ; ನನ್ನ ದನಿ ಎಲ್ಲಿ ತಡವರಿಸಿತೆಂಬುದು ಆಕೆಗೆ ತಿಳಿದೇ ಹೋಯಿತು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

“ಮಾಸ್ತರ್ರ, ಲಡಾಯಿ ದಿನಾ ನಡದೈತಿ ಅಂತೀರಿ. ಹಂಗಾದ್ರ ಸಾವು ಯಾಕ ದಿನಾ ಒಂದ ಸಮ ಇಲ್ಲ? ಎಂಟ ದಿನ ಸುಮ್ಮನ ಇರತೈತಿ, ಒಂಬತ್ತನೇ ದಿನಕ್ಕ ಹಿಂಡ ಹಿಂಡ ಹೋಗ್ತಾರ. ಯಮಗೂ ನಮ್ಮಂಗ ವಾರದ ಸಂತಿ ಐತೇನು?”

ನಾನು ಆ ದಿನ ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ‘ಎಲ್ಲಾ ಅವರವರ ಹಣೆಬರಹ ಆಯಿ’ ಎಂದುಬಿಟ್ಟೆ. ಆಕೆ ತಲೆಯಲ್ಲಾಡಿಸಿದಳು, ಒಪ್ಪಿ ಅಲ್ಲ, ಮಾಸ್ತರನಿಗೂ ಗೊತ್ತಿಲ್ಲವೆಂದು ತಿಳಿದು. ಪ್ರಶ್ನೆ ಹಣೆಬರಹದ್ದಾಗಿರಲಿಲ್ಲ. ಲೆಕ್ಕದ್ದಾಗಿತ್ತು. ಲೆಕ್ಕ ಕಲಿಸುವುದೇ ನನ್ನ ಕಸುಬಾಗಿದ್ದರೂ ಅದಕ್ಕೆ ಉತ್ತರ ಹುಡುಕಲು ನಾನು ತೊಡಗಿದ್ದು ಬಹಳ ವರ್ಷಗಳ ತರುವಾಯ.

ಲೆಕ್ಕವನ್ನೇ ಮೊದಲು ನೋಡೋಣ. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆಯವರು ಮಡಿದದ್ದು 527 ಮಂದಿ, ಗಾಯಗೊಂಡದ್ದು 1,363 ಮಂದಿ. ಮೇ ತಿಂಗಳ ಮೊದಲ ವಾರದಿಂದ ಜುಲೈ 26ರವರೆಗೆ ಸುಮಾರು 85 ದಿನ. ಭಾಗಿಸಿದರೆ ದಿನಕ್ಕೆ ಆರು ಜೀವ. ಆದರೆ ಆ ‘ದಿನಕ್ಕೆ ಆರು’ ಎಂಬುದು ಕಾಗದದ ಮೇಲೆ ಮಾತ್ರ ಇರುವ ದಿನ. ಹಿಮದ ಮೇಲಿನ ಯಾವ ದಿನವೂ ಹಾಗಿರಲಿಲ್ಲ. ತೋಲೋಲಿಂಗ್ ಶಿಖರದ ಇಳಿಜಾರಿನಲ್ಲಿ ಕಳೆದ ಕೆಲವು ರಾತ್ರಿಗಳು, ಜೂನ್ 13ರಂದು ಅದು ಕೈವಶವಾದ ರಾತ್ರಿ, ಜುಲೈ 4ರಂದು ಟೈಗರ್ ಹಿಲ್ ಏರಿದ ಹೊತ್ತು, ಇಂಥವೇ ಎಣಿಸಬಹುದಾದಷ್ಟು ಗಳಿಗೆಗಳು ತಮ್ಮ ಪಾಲಿಗಿಂತ ಎಷ್ಟೋ ಹೆಚ್ಚಿನ ಜೀವಗಳನ್ನು ತೆಗೆದುಕೊಂಡವು. ಉಳಿದ ದಿನಗಳಲ್ಲಿ ಸೈನಿಕರು ನಡೆದರು, ಹೊತ್ತರು, ಕಾದರು, ಚಳಿಯಲ್ಲಿ ನಡುಗಿದರು.

ಇದು ಆ ಒಂದು ಯುದ್ಧದ ವಿಚಿತ್ರವೆಂದು ತಿಳಿಯಬಾರದು. 1916ರಲ್ಲಿ ಫ್ರಾನ್ಸ್ ದೇಶದ ಸೋಮ್ ನದಿಯ ಬಳಿ ಆಂಗ್ಲ ಸೇನೆ 141 ದಿನ ಕಾದಿತು. ಅದರ ಒಟ್ಟು ಸಾವುನೋವು ಸುಮಾರು 4,20,000. ದಿನಕ್ಕೆ ಮೂರು ಸಾವಿರದಷ್ಟಾಯಿತು. ಮೊದಲ ದಿನ, ಜುಲೈ 1ರಂದು, ಅದೇ ಸೇನೆ ಕಳೆದುಕೊಂಡದ್ದು 57,470 ಮಂದಿಯನ್ನು. ಅವರಲ್ಲಿ ಸತ್ತವರೇ 19,240. ಒಂದು ದಿನವು ಒಟ್ಟು ದಿನಗಳ ಸರಾಸರಿಗೆ ಹತ್ತೊಂಬತ್ತು ಪಟ್ಟು! ನಮ್ಮ 1962ರ ಚೀನಾ ಯುದ್ಧವೂ ಹೀಗೆಯೇ. ನಾಮ್ಕಾ ಚೂ ಹಳ್ಳದ ಎರಡು ದಡಗಳಲ್ಲಿ ಎರಡೂ ಕಡೆಯವರು ವಾರಗಟ್ಟಲೆ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದರು. ಅಕ್ಟೋಬರ್ 20ರ ಒಂದು ಮುಂಜಾವಿನಲ್ಲಿ ನಮ್ಮ ಒಂದು ಇಡೀ ಬ್ರಿಗೇಡು ಚದುರಿಹೋಯಿತು. ಆಮೇಲೆ ಕೆಲವು ವಾರ ಹೆಚ್ಚುಕಡಿಮೆ ಮೌನ. ನವೆಂಬರ್ 18ರಂದು ರೆಜಾಂಗ್ ಲಾ ಕಣಿವೆಯಲ್ಲಿ ಕುಮಾವೂ ದಳದ ಒಂದೇ ಕಂಪನಿಯ ನೂರಕ್ಕೂ ಹೆಚ್ಚು ಮಂದಿ ಒಂದು ಹೊತ್ತಿನಲ್ಲಿ ಮಡಿದರು. ತಿಂಗಳೊಪ್ಪತ್ತಿನ ಆ ಯುದ್ಧದ ಸಾವೆಲ್ಲ ಬಹುಮಟ್ಟಿಗೆ ಎರಡು ಗೊಂಚಲು.

ನಮ್ಮ ಸೀಮೆಯವರಿಗೆ ಇದನ್ನು ಡೋಣಿ ನದಿಯ ಮಾತಿನಿಂದ ತಿಳಿಸುವುದು ಸುಲಭ. ಸಾರವಾಡದ ಬಳಿ ಬೇಸಿಗೆಯಲ್ಲಿ ನಿಂತವನಿಗೆ ಅದು ನದಿಯೆಂದು ನಂಬಿಕೆ ಬಾರದು. ಮೇಲೆಲ್ಲಿಯೋ ದೊಡ್ಡ ಮಳೆ ಬಿದ್ದರೆ ಒಂದೇ ರಾತ್ರಿಯಲ್ಲಿ ಹೊಲಗಳ ಮೇಲೇರಿ ಬರುತ್ತದೆ. ವರ್ಷದ ನೀರನ್ನು ಮುನ್ನೂರ ಅರವತ್ತೈದರಿಂದ ಭಾಗಿಸಿ, ಡೋಣಿ ದಿನಕ್ಕೆ ಇಷ್ಟು ಹರಿಯುತ್ತದೆ ಎಂದು ಯಾವ ರೈತನಾದರೂ ಹೇಳಿಯಾನೇ? ಹೋಲಿಕೆ ಇಲ್ಲಿಯವರೆಗೆ ಸರಿ. ಮುಂದೆ ಅದು ಕೈಕೊಡುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆಯಿಯ ಮಗ ಹವಾಲ್ದಾರನಾಗಿ ನಿವೃತ್ತನಾಗಿ ಈಗ ಟಿಕೋಟಾದ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಹೌದು, ಅವನು ಮರಳಿ ಬಂದ. ವಾಚಕರನ್ನು ಈ ವಿಷಯದಲ್ಲಿ ಕೊನೆಯವರೆಗೆ ಕಾಯಿಸುವುದು ನನಗೆ ಇಷ್ಟವಿಲ್ಲ. ಒಣದ್ರಾಕ್ಷಿಯ ಕೆಲಸ ಮುಗಿದ ಒಂದು ದಿನ ಅವನು ವಿಜಯಪುರಕ್ಕೆ ಬಂದಾಗ ನಾವಿಬ್ಬರೂ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನದ ನೆರಳಿನಲ್ಲಿ ಕುಳಿತೆವು. ಸುಮಾರು 55 ಟನ್ನು ತೂಕದ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪನ್ನು ನೋಡಲು ಬಂದ ಶಾಲೆಯ ಮಕ್ಕಳಿಗೆ ಅವರ ಶಿಕ್ಷಕರು ವಿವರಿಸುತ್ತಿದ್ದರು: ಬತ್ತಿ ಹಚ್ಚಿದ ಗೋಲಂದಾಜ ಕಿವಿ ಒಡೆಯದಂತೆ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಹವಾಲ್ದಾರ ನಕ್ಕ. “ತೋಪಿನ ಹಿಂದ ಇದ್ದವನ ಕಿವಿ ಚಿಂತಿ ಎಲ್ಲಾರೂ ಮಾಡ್ತಾರ್ರಿ ಮಾಸ್ತರ್ರ” ಎಂದ. ತೋಪಿನ ಮುಂದೆ ಇದ್ದವರ ಮಾತಿಗೆ ನಾವು ಬಂದದ್ದು ಹೀಗೆ.

ಮುಂದೆ ಇದ್ದವರ ಬಗ್ಗೆ ಬರೆದವನು ಇದೇ ಊರಿನಲ್ಲಿದ್ದ. ಇತಿಹಾಸಕಾರ ಫೆರಿಷ್ತಾ ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ತನ್ನ ಗ್ರಂಥವನ್ನು ರಚಿಸಿದ. 1565ರ ಜನವರಿಯಲ್ಲಿ ನಡೆದ, ತಾಳಿಕೋಟೆಯದೆಂದೂ ರಕ್ಕಸಗಿ-ತಂಗಡಗಿಯದೆಂದೂ ನಾವು ಕರೆಯುವ ಕಾಳಗವನ್ನು ಅವನು ಕಣ್ಣಾರೆ ಕಂಡವನಲ್ಲ. ಕಾಲು ಶತಮಾನದ ನಂತರ ಇಲ್ಲಿಗೆ ಬಂದು ಕೇಳಿ ಬರೆದವನು. ಅವನು ಹೇಳುವಂತೆ ಅಹಮದನಗರದ ತೋಪುಖಾನೆಯ ಒಡೆಯ ರೂಮಿಖಾನನು ಆರುನೂರು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿ, ಅವು ಕಾಣದಂತೆ ಮುಂದೆ ಎರಡು ಸಾವಿರ ಬಿಲ್ಲುಗಾರರನ್ನು ಇರಿಸಿದ್ದ. ವಿಜಯನಗರದವರು ಮುನ್ನುಗ್ಗಿ ಬಂದಾಗ ಬಿಲ್ಲುಗಾರರು ಬದಿಗೆ ಸರಿದರು. ತೋಪುಗಳ ಬಾಯಿಗೆ ಗುಂಡಿನ ಬದಲು ಚೀಲ ಚೀಲ ತಾಮ್ರದ ನಾಣ್ಯ ತುಂಬಿದ್ದರು. ಆ ಬಾಯಿಗಳ ಎದುರಿನಲ್ಲಿಯೇ ಐದು ಸಾವಿರ ಮಂದಿ ಬಿದ್ದರೆಂದು ಅವನ ಲೆಕ್ಕ. ಆ ಬಳಿಕ ವೃದ್ಧ ರಾಮರಾಯ ಸೆರೆಸಿಕ್ಕು ಅವನ ತಲೆ ಈಟಿಯ ತುದಿಗೇರಿದ್ದನ್ನು ಕಂಡೊಡನೆ ಸೈನ್ಯ ಬೆನ್ನು ತಿರುಗಿಸಿತು. ಕಾಳಗದಲ್ಲಿಯೂ ಬೆನ್ನಟ್ಟುವಿಕೆಯಲ್ಲಿಯೂ ಕೂಡಿ ಸತ್ತವರು ಒಂದು ಲಕ್ಷ!

ಒಂದು ಲಕ್ಷವೆಂಬುದನ್ನು ನಾನು ನಂಬುವುದಿಲ್ಲ. ಆಸ್ಥಾನದ ಬರಹಗಾರರ ಲೇಖನಿಗೆ ಲಕ್ಷವೆಂಬುದು ಬಲು ಹಗುರವಾದ ಮಾತು. ಆದರೆ ಸಂಖ್ಯೆಯನ್ನು ಬದಿಗಿಟ್ಟು ಆ ದಿನ ಸಾವು ನಡೆದ ಬಗೆಯನ್ನು ನೋಡಿದರೆ ಅದರಲ್ಲಿ ಎಲ್ಲವೂ ಇದೆ. ಅಲ್ಲಿಯವರೆಗೆ ವಾರಗಟ್ಟಲೆ ಎರಡೂ ದಂಡುಗಳು ಕೃಷ್ಣೆಯ ಆಚೆ ಈಚೆ ಬೀಡುಬಿಟ್ಟು ಹೊಳೆ ದಾಟುವ ಕಡವನ್ನು ಕಾಯುತ್ತಿದ್ದಾಗ ಸತ್ತವರೆಷ್ಟು? ಹೇಳಿಕೊಳ್ಳುವಷ್ಟಿಲ್ಲ. ಸತ್ತದ್ದು ಮೂರು ಗಳಿಗೆಗಳಲ್ಲಿ: ಬಯಲಿಗೆ ಬಂದು ಮುನ್ನುಗ್ಗಿದಾಗ, ಒತ್ತೊತ್ತಾಗಿ ತೋಪಿನ ಬಾಯಿಗೆ ಸಿಕ್ಕಾಗ, ಮತ್ತು ಬೆನ್ನು ತೋರಿಸಿದಾಗ. ಮೂರನೆಯದೇ ಅತ್ಯಂತ ಘೋರ. ಎದುರು ನಿಂತವನ ಕೈಯಲ್ಲಿ ಢಾಲಿದೆ, ಪಕ್ಕದಲ್ಲಿ ಒಡನಾಡಿ ಇದ್ದಾನೆ, ಹೇಳುವ ನಾಯಕನಿದ್ದಾನೆ. ಓಡುವವನಿಗೆ ಇವು ಯಾವುವೂ ಇಲ್ಲ. ಹಳೆಯ ಕಾಲದ ಕಾಳಗಗಳಲ್ಲಿ ಗೆದ್ದವರ ಸಾವಿಗೂ ಸೋತವರ ಸಾವಿಗೂ ಅಷ್ಟೊಂದು ಅಂತರವಿರುತ್ತಿದ್ದುದು ಶೌರ್ಯದ ಅಂತರದಿಂದಲ್ಲ. ಸಾಲು ಮುರಿದದ್ದು ಯಾರದೆಂಬುದರಿಂದ.

ಹವಾಲ್ದಾರ ತನ್ನ ಅನುಭವವನ್ನು ಇದಕ್ಕೆ ಸೇರಿಸಿದ. ಬಂಡೆಯ ಮರೆಯಲ್ಲಿ ಕಲ್ಲು ಪೇರಿಸಿಕೊಂಡು ಕುಳಿತಾಗ ಗುಂಡು ಹಾರುತ್ತಲೇ ಇರುತ್ತವೆ, ಆದರೆ ಕಲ್ಲಿಗೆ ತಾಗುತ್ತವೆ. ಏಳಬೇಕೆಂದು ಹುಕುಂ ಬಂದಾಗ ಗುಂಡು ಅವೇ, ಆದರೆ ಈಗ ಅವುಗಳಿಗೂ ನಮಗೂ ನಡುವೆ ಅಂಗಿಯೊಂದೇ. ಬೆಟ್ಟದಲ್ಲಿ ಈ ವಿಪತ್ತು ಇಮ್ಮಡಿ. ಬಯಲಿನಲ್ಲಿ ರಕ್ಷಿಸುವ ಒಬ್ಬನಿಗೆ ದಾಳಿಗಾರರು ಮೂವರು ಬೇಕೆಂದೂ, ಎತ್ತರದ ಬೆಟ್ಟದಲ್ಲಿ ಆರಕ್ಕೂ ಹೆಚ್ಚು ಬೇಕೆಂದೂ ಸೈನ್ಯದವರ ಲೆಕ್ಕ. ಆರು ಜನ ಏರಿದರೆ ಆರು ಜನರೂ ಗುರಿಗೆ ಸಿಕ್ಕುತ್ತಾರಷ್ಟೆ. ದಾಳಿ ಬಿರುಸಾದಷ್ಟೂ ಎದುರಿನ ತೋಪುಗಳೂ ಬಿರುಸಾಗುತ್ತವೆ. ಕಾರ್ಗಿಲ್‌ನಲ್ಲಿ ನಮ್ಮ ತೋಪುಗಳು ಎರಡೂವರೆ ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದವೆಂದೂ, ದಿನಕ್ಕೆ ಸುಮಾರು ಐದು ಸಾವಿರದಂತೆ ಹಾರುತ್ತಿದ್ದವು ಟೈಗರ್ ಹಿಲ್ ಗೆದ್ದ ದಿನ ಒಂಬತ್ತು ಸಾವಿರಕ್ಕೇರಿದವೆಂದೂ ಸೇನೆಯ ಲೆಕ್ಕ ಹೇಳುತ್ತದೆ. ಗುಂಡಿಗೂ ವಾರದ ಸಂತೆಯುಂಟು.

ಇಷ್ಟಕ್ಕೇ ನಿಂತರೆ ಉತ್ತರ ಸರಳ: ಹೆಚ್ಚು ಗುಂಡು, ಹೆಚ್ಚು ಸಾವು. ಬಹಳ ಕಾಲ ನಾನೂ ಹಾಗೆಯೇ ತಿಳಿದಿದ್ದೆ. ಅದು ಅರ್ಧ ಸತ್ಯ. ಬಿರುಸಿನ ಕಾಳಗದ ದಿನ ಗಾಯಗಳು ಹೆಚ್ಚುತ್ತವೆ ಮಾತ್ರವಲ್ಲ, ಒಂದೊಂದು ಗಾಯವೂ ಹೆಚ್ಚು ಮಾರಕವಾಗುತ್ತದೆ. ಮೊನ್ನೆ ಬದುಕಿಸಬಹುದಾಗಿದ್ದ ಗಾಯ ಇಂದು ಕೊಲ್ಲುತ್ತದೆ. ಗಾಯವೇನೂ ಬದಲಾಗಿಲ್ಲ, ಸುತ್ತಲಿನ ಏರ್ಪಾಡು ಕುಸಿದಿದೆ.

ಇದಕ್ಕೆ ನಾನು ಬಲ್ಲ ಅತಿ ದಾರುಣವಾದ ನಿದರ್ಶನ ದೂರದ ಮೆಸೊಪೊಟೇಮಿಯದ್ದಾದರೂ ನಮ್ಮ ಕಡೆಗೆ ಪರಕೀಯವಲ್ಲ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1915ರಲ್ಲಿ ಟೈಗ್ರಿಸ್ ನದಿಯಗುಂಟ ಬಾಗದಾದಿನ ಕಡೆಗೆ ಏರಿಹೋದದ್ದು ಪುಣೆಯ ಹೆಸರಿನ ಆರನೆಯ ಡಿವಿಜನ್ನು. ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಅವುಗಳ ಪರಂಪರೆಯೇ 1922ರ ನಂತರ ಬೆಳಗಾವಿಯ ಕೇಂದ್ರದಲ್ಲಿ ಮುಂದುವರಿಯಿತು. ಮುಂಬಯಿ ಪ್ರಾಂತದ ಎಷ್ಟೋ ಹಳ್ಳಿಗಳಲ್ಲಿ, ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣಕೊಟ್ಟರು ಎಂದು ಕೆತ್ತಿದ ಕಲ್ಲುಗಳು ಇಂದಿಗೂ ಇವೆ.

ಆ ವರ್ಷದ ನವೆಂಬರ್ 22ರಂದು ಟೆಸಿಫಾನ್ ಎಂಬಲ್ಲಿ ತುರ್ಕರೊಡನೆ ದೊಡ್ಡ ಕಾಳಗವಾಯಿತು. ಸುಮಾರು ಹದಿನಾಲ್ಕು ಸಾವಿರದ ಸೇನೆಯಲ್ಲಿ ನಾಲ್ಕು ಸಾವಿರದ ಆರುನೂರರಷ್ಟು ಮಂದಿ ಸತ್ತರು ಅಥವಾ ಗಾಯಗೊಂಡರು, ಮೂವರಲ್ಲಿ ಒಬ್ಬ! ಗಾಯಾಳುಗಳಿಗಾಗಿ ಮಾಡಿಕೊಂಡಿದ್ದ ಸಿದ್ಧತೆಯಾದರೋ ಅದರ ಒಂದು ಸಣ್ಣ ಪಾಲಿಗಷ್ಟೇ ಸಾಲುವಂತಿತ್ತು. ಡೋಲಿಗಳು ಸಾಲದೆ, ಕಾಲು ಮುರಿದವರನ್ನೂ ಹೊಟ್ಟೆ ಸೀಳಿದವರನ್ನೂ ಸಾಮಾನು ಹೊರುವ ಗಾಡಿಗಳಲ್ಲಿ ಹೇರಿದರು. ಆ ಗಾಡಿಗಳಿಗೆ ಸ್ಪ್ರಿಂಗುಗಳಿರಲಿಲ್ಲ. ಗಟ್ಟಿಯಾದ ಉಬ್ಬುತಗ್ಗಿನ ನೆಲದ ಮೇಲೆ ಮೈಲಿಗಟ್ಟಲೆ ಉರುಳಿ ನದಿಯನ್ನು ಮುಟ್ಟಬೇಕು. ನಮ್ಮ ಎರೆಭೂಮಿ ಬಿಸಿಲಿಗೆ ಬಿರಿತಾಗ ಖಾಲಿ ಚಕ್ಕಡಿಯಲ್ಲಿ ಕುಳಿತು ಹೋದವರಿಗೆ ಅದು ಎಂಥ ಪ್ರಯಾಣವೆಂಬುದನ್ನು ಹೇಳಬೇಕಾಗಿಲ್ಲ. ನದಿಯಲ್ಲಿ ಉಗಿದೋಣಿಗಳ ಮೇಲೆ ಅವರನ್ನು ಒಬ್ಬರ ಮೇಲೊಬ್ಬರೆಂಬಂತೆ ತುಂಬಿದರು. ಕೆಲವು ದೋಣಿಗಳು ಬಸ್ರಾ ಮುಟ್ಟಲು ಹದಿಮೂರು ದಿನ ಹಿಡಿದವು. ‘ಮೆಜಿದಿಯೆ’ ಎಂಬ ದೋಣಿ ದಡಕ್ಕೆ ಬರುತ್ತಿರುವುದನ್ನು ದೂರದಿಂದ ಕಂಡ ವೈದ್ಯ ಮೇಜರ್ ಕಾರ್ಟರನಿಗೆ ಅದರ ಬದಿಗಳಿಂದ ಹಗ್ಗಗಳು ಜೋತುಬಿದ್ದಂತೆ ತೋರಿತಂತೆ. ಹತ್ತಿರ ಬಂದಾಗ ತಿಳಿಯಿತು, ಅದು ಆಮಶಂಕೆಯಿಂದ ಬಳಲಿದ ಗಾಯಾಳುಗಳ ಮಲ. ಇದನ್ನು ವರದಿ ಮಾಡಿದ್ದಕ್ಕಾಗಿ ಮೇಲಧಿಕಾರಿಗಳು ಅವನನ್ನೇ ಗದರಿಸಿ ಬೆದರಿಸಿದರು. ಕೊನೆಗೆ ವಿಚಾರಣಾ ಆಯೋಗದ ವರದಿ 1917ರಲ್ಲಿ ಹೊರಬಿದ್ದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಟೆಸಿಫಾನ್‌ನಲ್ಲಿ ಗಾಯಗೊಂಡು ದಾರಿಯಲ್ಲಿ ಸತ್ತವರನ್ನು ಕೊಂದದ್ದು ತುರ್ಕರ ಗುಂಡೆಂದು ಹೇಳಿದರೆ ಅದು ಅರ್ಧ ಲೆಕ್ಕವೇ ಸರಿ.

ಹೀಗಾಗುವುದು ಕೇವಲ ಅಧಿಕಾರಿಗಳ ಉದಾಸೀನದಿಂದಲ್ಲ. ಸಾಮಾನ್ಯ ದಿನ ಒಬ್ಬನಿಗೆ ಪೆಟ್ಟು ಬಿದ್ದರೆ ನಾಲ್ವರು ಓಡಿಬರುತ್ತಾರೆ, ವೈದ್ಯನ ಮುಂದೆ ಅವನೊಬ್ಬನೇ ಇರುತ್ತಾನೆ. ಬಿರುಸಿನ ದಿನ ಹೊರುವವರೇ ಬಿದ್ದಿರುತ್ತಾರೆ. ದ್ರಾಸ್ ಕಡೆಯ ಬೆಟ್ಟದಲ್ಲಿ ಒಬ್ಬ ಗಾಯಾಳುವನ್ನು ಕೆಳಗಿಳಿಸಲು ತಾವು ಆರು ಮಂದಿ ಒಂದು ಇಡೀ ರಾತ್ರಿ ವ್ಯಯಿಸಿದ್ದನ್ನು ಹವಾಲ್ದಾರ ಹೇಳಿದ. ಆರು ಮಂದಿ ಕೆಳಗಿಳಿದರೆಂದರೆ ಮೇಲೆ ಆರು ಬಂದೂಕು ಕಡಿಮೆಯಾಯಿತು. ಮೇಲೆ ಬಂದೂಕು ಕಡಿಮೆಯಾಯಿತೆಂದರೆ ಮತ್ತೊಬ್ಬನಿಗೆ ಪೆಟ್ಟು. ಇಂಥ ಹೊತ್ತಿನಲ್ಲಿ ಯಾರನ್ನು ಮೊದಲು ಒಯ್ಯಬೇಕೆಂದು ಆರಿಸಬೇಕಾಗುತ್ತದೆ. ಯಾರನ್ನು ಆರಿಸಿದಿರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಕ್ಕಳ ಗುಂಪು ಬುರುಜಿನಿಂದ ಇಳಿದು ಹೋಗುವವರೆಗೆ ತೋಪಿನ ಮೈಯನ್ನು ಸವರುತ್ತ ಕುಳಿತಿದ್ದ.

ಇನ್ನು ನಿದ್ರೆಯ ಮಾತು. ಪುಸ್ತಕಗಳಲ್ಲಿ ಇದಕ್ಕೆ ಸಿಕ್ಕಬೇಕಾದಷ್ಟು ಸ್ಥಳ ಸಿಕ್ಕಿಲ್ಲವೆಂದು ನನ್ನ ಭಾವನೆ. ಎರಡು ರಾತ್ರಿ ಕಣ್ಣು ಮುಚ್ಚದವನು ಕುಡಿದವನಂತೆಯೇ. ಕಾಲು ಎಲ್ಲಿಡುತ್ತಿದ್ದೇನೆಂಬ ಎಚ್ಚರ ಅವನಿಗಿರುವುದಿಲ್ಲ, ತಲೆ ತಗ್ಗಿಸಬೇಕಾದಲ್ಲಿ ತಗ್ಗಿಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ಕಾಳಗವನ್ನು ಕಂಡ ಸ್ವಾಂಕ್ ಮತ್ತು ಮಾರ್ಶಂಡ್ ಎಂಬ ಇಬ್ಬರು ಅಮೆರಿಕದ ವೈದ್ಯರು 1946ರಲ್ಲಿ ಬರೆದದ್ದು ಪ್ರಸಿದ್ಧವಾಗಿದೆ: ಬಿಡುವಿಲ್ಲದೆ ಅರವತ್ತು ದಿನ ಕಾದಾಡಿದ ಮೇಲೆ ಉಳಿದವರಲ್ಲಿ ಬಹುತೇಕ ಎಲ್ಲರ ಮನಸ್ಸೂ ಒಂದಲ್ಲ ಒಂದು ಬಗೆಯಲ್ಲಿ ಕುಸಿದಿರುತ್ತದೆ. ಹಾಗೆ ಬಳಲಿದವರ ಜಾಗಕ್ಕೆ ಹೊಸಬರು ಬರುತ್ತಾರೆ. ಅವರಿಗೆ ನೆಲ ಗೊತ್ತಿಲ್ಲ, ಒಡನಾಡಿಗಳ ಹೆಸರು ಗೊತ್ತಿಲ್ಲ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಗೊತ್ತಿಲ್ಲ. ಮುಂದೆ ನಡೆದು ದಾರಿ ತೋರಿಸಬೇಕಾದ ಕಿರಿಯ ಅಧಿಕಾರಿ ಮುಂದೆ ನಡೆದದ್ದರಿಂದಲೇ ಮೊದಲು ಬೀಳುತ್ತಾನೆ. ಹೇಳುವವನಿಲ್ಲದ ತುಕಡಿ ಇದ್ದಲ್ಲಿಯೇ ಇದ್ದು ಪೆಟ್ಟು ತಿನ್ನುತ್ತದೆ, ಇಲ್ಲವೆ ಎಲ್ಲಿಗೋ ಹೋಗಿ ಸಿಕ್ಕಿಬೀಳುತ್ತದೆ. ಮರೆ, ವಿಶ್ರಾಂತಿ, ಆಜ್ಞೆ, ಶುಶ್ರೂಷೆ ಎಂಬ ನಾಲ್ಕು ಗೋಡೆಗಳ ಮನೆಯಲ್ಲಿ ಸೈನಿಕ ಬದುಕಿರುತ್ತಾನೆ. ಒಂದು ಗೋಡೆ ಬಿದ್ದರೂ ಉಳಿದ ಮೂರು ಅವನನ್ನು ಕಾಯುತ್ತವೆ. ಬಿರುಸಿನ ಕಾಳಗದಲ್ಲಿ ನಾಲ್ಕೂ ಒಟ್ಟಿಗೆ ಬೀಳುತ್ತವೆ. ಒಂದು ಬೀಳುವಾಗ ಮತ್ತೊಂದನ್ನು ಎಳೆದುಕೊಂಡೇ ಬೀಳುತ್ತದೆ. ಆಯಿ ಕೇಳಿದ ‘ಹಿಂಡ ಹಿಂಡ’ ಎಂಬುದಕ್ಕೆ ನಾನು ಕಂಡ ಕಾರಣ ಇದು.

ಹಾಗಾದರೆ ಬಿರುಸಿಲ್ಲದ ಯುದ್ಧವೇ ಲೇಸೆಂದು ಯಾರಾದರೂ ಅಂದಾರು. ಅದಕ್ಕೆ ವಿಜಯಪುರದ ಕೋಟೆಗೋಡೆಯೇ ಉತ್ತರ ಹೇಳುತ್ತದೆ. 1685ರ ಏಪ್ರಿಲ್‌ನಲ್ಲಿ ಮೊಗಲರು ಈ ಊರನ್ನು ಮುತ್ತಿದರು. ಸಿಕಂದರ ಆದಿಲಶಹ ಶರಣಾದದ್ದು 1686ರ ಸೆಪ್ಟೆಂಬರ್‌ನಲ್ಲಿ, ಔರಂಗಜೇಬನೇ ಬಂದು ನಿಂತ ಮೇಲೆ. ಹದಿನೇಳು ತಿಂಗಳು. ತಾಳಿಕೋಟೆಯಂಥ ಒಂದು ದಿನ ಅದರಲ್ಲಿ ಇಲ್ಲ. ಆದರೆ ಹತ್ತು ಕಿಲೋಮೀಟರು ಸುತ್ತಳತೆಯ ಗೋಡೆಯ ಒಳಗೂ ಹಸಿವು, ಹೊರಗೂ ಹಸಿವು. ಮುತ್ತಿದ ರಾಜಕುಮಾರ ಆಜಮನ ಬೀಡಿಗೇ ಕಾಳು ಸಾಗಿಸಲು ಬೇರೊಂದು ದಂಡು ಬರಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ಲೇಗು ಬಂದು, ಗೆದ್ದವರೂ ಸೋತವರೂ ಎನ್ನದೆ ಒಯ್ದಿತು. ಇಪ್ಪತ್ತನೆಯ ಶತಮಾನ ಕಾಲಿಡುವವರೆಗೆ ಜಗತ್ತಿನ ಬಹುತೇಕ ಸೈನ್ಯಗಳಲ್ಲಿ ಗುಂಡಿಗಿಂತ ರೋಗವೇ ಹೆಚ್ಚು ಜನರನ್ನು ಕೊಂದಿದೆ. ಆದುದರಿಂದ ಮಂದವಾದ ಯುದ್ಧ ಕರುಣಾಳುವೇನಲ್ಲ. ಅದು ದಿನವೂ ಸಂತೆ ಹಚ್ಚುತ್ತದೆ, ಅಷ್ಟೇ. ಮತ್ತು ಆ ಸಾವಿನ ಪಟ್ಟಿ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಈಗ ಡೋಣಿಯ ಮಾತಿಗೆ ಮರಳುತ್ತೇನೆ. ಡೋಣಿ ಯಾವ ರಾತ್ರಿ ಏರಬೇಕೆಂಬುದನ್ನು ಯಾರೂ ಗೊತ್ತುಮಾಡುವುದಿಲ್ಲ. ಕಾಳಗದ ದಿನವನ್ನು ಗೊತ್ತುಮಾಡುತ್ತಾರೆ. ನಕಾಶೆಯ ಮುಂದೆ ಕುಳಿತು, ಗಡಿಯಾರ ನೋಡಿ, ಈ ರಾತ್ರಿ ಇಷ್ಟು ಗಂಟೆಗೆ ಎಂದು ಬರೆಯುತ್ತಾರೆ. ತೋಲೋಲಿಂಗ್‌ನ ಮೊದಲ ದಾಳಿಗಳು ಮೇ ತಿಂಗಳ ಉತ್ತರಾರ್ಧದಲ್ಲಿ ನಡೆದಾಗ ಮೇಲಿರುವ ಶತ್ರು ಎಷ್ಟೆಂಬುದು ಸರಿಯಾಗಿ ತಿಳಿದಿರಲಿಲ್ಲ, ತೋಪುಗಳೂ ಸಾಕಷ್ಟು ಬಂದಿರಲಿಲ್ಲ. ಹದಿನೆಂಟನೆಯ ಗ್ರೆನೇಡಿಯರ್ ಪಲ್ಟನ್ನು ಮೇಜರ್ ರಾಜೇಶ್ ಅಧಿಕಾರಿಯವರನ್ನೂ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಅವರನ್ನೂ ಅನೇಕ ಜವಾನರನ್ನೂ ಆ ಇಳಿಜಾರಿನಲ್ಲಿ ಕಳೆದುಕೊಂಡಿತು. ಜೂನ್ ಎರಡನೆಯ ವಾರದಲ್ಲಿ ತೋಪುಗಳನ್ನು ಒಟ್ಟುಗೂಡಿಸಿ, ಬೆಟ್ಟದ ತಲೆಯನ್ನು ಚೆನ್ನಾಗಿ ಬಡಿದ ಮೇಲೆ ಎರಡನೆಯ ರಾಜಪುತಾನಾ ರೈಫಲ್ಸ್ ಏರಿ ಗೆದ್ದಿತು. ಆಗಲೂ ರಕ್ತ ಹರಿಯದೆ ಇರಲಿಲ್ಲ. ಆ ಆತುರಕ್ಕೆ ಕಾರಣಗಳಿದ್ದವು. ಕೆಳಗೆ ಲೇಹ್‌ಗೆ ಹೋಗುವ ರಸ್ತೆ ಶತ್ರುವಿನ ಕಣ್ಣಿಗೆ ಬಿದ್ದಿತ್ತು. ಮನೆಯಲ್ಲಿ ಕುಳಿತು ತಪ್ಪೆಣಿಸುವುದು ನನಗೆ ಸಲ್ಲದು. ಆದರೆ ಬಿರುಸಿನ ಕಾಳಗದಲ್ಲಿ ಸಾವು ಹೆಚ್ಚುವುದು ನಿಸರ್ಗ ನಿಯಮವೆಂದು ಹೇಳಿ ಕೈತೊಳೆದುಕೊಳ್ಳುವವರನ್ನು ನಾನು ಒಪ್ಪಲಾರೆ. ಎಷ್ಟು ಡೋಲಿ ಸಿದ್ಧವಿದೆ, ಎಷ್ಟು ತೋಪು ಬಂದಿದೆ, ಏರುವವರು ಎಷ್ಟು ರಾತ್ರಿ ನಿದ್ದೆ ಮಾಡಿದ್ದಾರೆ ಎಂಬುದನ್ನು ಕೇಳಿಕೊಂಡು ಗೊತ್ತುಮಾಡಿದ ದಿನಕ್ಕೂ, ಕೇಳದೆ ಗೊತ್ತುಮಾಡಿದ ದಿನಕ್ಕೂ ನಡುವಿನ ಅಂತರ ಹೆಣಗಳಲ್ಲಿ ಅಳೆಯುವಂಥದು. ವಿಜಯಪುರದ ಸೈನಿಕ ಶಾಲೆಯಲ್ಲಿ 1963ರಿಂದ ಹುಡುಗರು ಕಲಿಯುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ನಾಳೆ ಆ ನಕಾಶೆಯ ಮುಂದೆ ಕುಳಿತುಕೊಳ್ಳುವವರು. ಶೆರ್ಜಾ ಬುರುಜಿಗೆ ಅವರನ್ನು ಕರೆದೊಯ್ಯುವವರು ತೊಟ್ಟಿಯಲ್ಲಿ ಮುಳುಗಿದ ಗೋಲಂದಾಜನ ಕಥೆಯ ಜೊತೆಗೆ ಮೆಜಿದಿಯೆ ದೋಣಿಯ ಕಥೆಯನ್ನೂ ಹೇಳಬಾರದೆ?

ಆಯಿ ಈಗಿಲ್ಲ. ತಂತಿಯೂ ಇಲ್ಲ, 2013ರಲ್ಲಿ ಆ ಸೇವೆಯೇ ನಿಂತುಹೋಯಿತು. ಬಬಲೇಶ್ವರದ ಆ ಮನೆಯನ್ನು ಕೆಡವಿ ಕಟ್ಟಿಸುವ ಮುಂಚೆ, ಮಗ ರಜೆಯ ಮೇಲೆ ಬಂದಾಗ ಒಂದು ಸಂಗತಿ ನಡೆಯಿತಂತೆ. ಅದನ್ನು ಅವನು ನನಗೆ ಆ ದಿನ ಬುರುಜಿನಿಂದ ಇಳಿಯುತ್ತ ಹೇಳಿದ. ಅವ್ವ ಅವನನ್ನು ಗೋಡೆಯ ಮುಂದೆ ನಿಲ್ಲಿಸಿ ಗೆರೆಗಳನ್ನು ತೋರಿಸಿದಳು. ಹೆಸರುಗಳು ಬಹಳವಿದ್ದ ದಿನ ಆಕೆ ಒಂದರ ಬದಲು ಎರಡು ಗೆರೆ ಎಳೆದಿದ್ದಳು. ಆ ರಾತ್ರಿಗಳಲ್ಲಿ ಆಕೆ ಮಲಗಿರಲಿಲ್ಲ. ಮಗ ತನ್ನ ದಿನಗಳನ್ನು ನೆನಪಿಸಿಕೊಂಡು ಒಂದೊಂದಾಗಿ ಬೆರಳಿಟ್ಟು ಲೆಕ್ಕ ಹಾಕಿದ. ಜೋಡಿ ಗೆರೆಯ ದಿನಗಳಲ್ಲಿ ಅವನ ಪಲ್ಟನ್ನು ಕೆಳಗಿನ ಬೀಡಿಗೆ ಮರಳಿತ್ತು. ಒಂದು ದಿನವಂತೂ ಅವನು ಬಿಸಿನೀರಿನಲ್ಲಿ ಮಿಂದು ಹದಿನಾಲ್ಕು ಗಂಟೆ ನಿದ್ದೆ ಮಾಡಿದ್ದ. ಪತ್ರಿಕೆಗೆ ಹೆಸರು ಮುಟ್ಟುವಷ್ಟರಲ್ಲಿ ಕಾಳಗ ಮುಗಿದು ಎರಡು ಮೂರು ದಿನ ಕಳೆದಿರುತ್ತಿದ್ದವಷ್ಟೆ.

“ಮತ್ತ ನೀ ಮ್ಯಾಲ ಹೋದ ರಾತ್ರಿ ಯಾವುದು?” ಎಂದು ಆಯಿ ಕೇಳಿದಳು.

ಅವನು ತೋರಿಸಿದ್ದು ಒಂಟಿ ಗೆರೆಯೊಂದನ್ನು. ಆ ಮುಂಜಾನೆ ನಾನು ಪತ್ರಿಕೆ ಓದಿ, ಇವತ್ತು ಏನೂ ಇಲ್ಲ ಆಯಿ, ಎಲ್ಲಾ ಸುಮ್ಮನಿದೆ ಎಂದಿದ್ದೆನಂತೆ. ಆಕೆ ಅಂದು ಹೊಟ್ಟೆತುಂಬ ಊಟ ಮಾಡಿ ಹೊಲಕ್ಕೆ ಹೋಗಿದ್ದಳು.